ಬಾನೆಟ್ ತಣ್ಣಗಿದೆಯೇ, ಮೊದಲು ಮುಟ್ಟಿ ನೋಡಿ

ಹುಮನಾಬಾದಿನ ಬಳಿ ಹೆದ್ದಾರಿಯ ಪಕ್ಕ ಅರ್ಧ ಗಂಟೆ ನಿಂತರೆ ಸಾಕು, ಮೂರು ರಾಜ್ಯಗಳ ನಂಬರು ಹೊತ್ತ ಕಾರುಗಳು ಎದುರಿಗೆ ಹಾದುಹೋಗುತ್ತವೆ. ಬೀದರಿನ ಕೆಎ 38, ಬಸವಕಲ್ಯಾಣದ್ದೇ ಆದ ಕೆಎ 56, ಸೊಲ್ಲಾಪುರದ ಎಂಎಚ್ 13, ಉಮರ್ಗಾ ಕಡೆಯ ಎಂಎಚ್ 25, ಹೈದರಾಬಾದಿನ ಟಿಎಸ್, 2024ರಿಂದೀಚಿನ ಟಿಜಿ, ರಾಜ್ಯ ಒಡೆಯುವುದಕ್ಕೆ ಮೊದಲಿನ ಎಪಿ... ಪುಣೆಯಿಂದ ಹೊರಟು ಸೊಲ್ಲಾಪುರ, ಹೈದರಾಬಾದ್ ದಾಟಿ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಅಂದರೆ ಹಳೆಯ 9ನೇ ನಂಬರಿನ ರಸ್ತೆ, ಇಲ್ಲಿ ಕಲಬುರಗಿ-ಬೀದರ್ ಹೆದ್ದಾರಿಯನ್ನು ಸಂಧಿಸುತ್ತದೆ. ಇತ್ತ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋದರೆ, ಲಾರಿ ವ್ಯವಹಾರಕ್ಕೆ ಹೆಸರಾದ ಬಸವಕಲ್ಯಾಣ.

ಈ ಎರಡು ಊರಿನ ಮಂದಿಗೆ ಹಳೆಯ ಕಾರೆಂಬುದು ಈ ರಸ್ತೆಯ ಮೇಲೆಯೇ ತೇಲಿಬರುವ ವಸ್ತು. ತೊಗರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಕಂಡಾಗ, ಮೇಷ್ಟ್ರಿಗೆ ನಿವೃತ್ತಿಯ ಹಣ ಬಂದಾಗ, ಮಗ ಇಂಜಿನಿಯರಿಂಗ್ ಸೇರಿದಾಗ ಮನೆಯಲ್ಲಿ ಕಾರಿನ ಮಾತು ಏಳುತ್ತದೆ. ಹೊಸದಕ್ಕೆ ಕೈ ಸಾಗದು. ಅಷ್ಟರಲ್ಲಿ ಯಾರೋ ಬಂದು ಕಿವಿಯಲ್ಲಿ ಹೇಳುತ್ತಾರೆ: "ಡಾಕ್ಟರ್ ಸಾಹೇಬ್ರ ಗಾಡಿ ಅದರಿ. ಸಿಂಗಲ್ ಹ್ಯಾಂಡ್. ಒಂದು ರೂಪಾಯಿ ಕೆಲಸ ಇಲ್ರಿ, ಬೇಕಂದ್ರ ಇಲ್ಲಿಂದ ಸೀದಾ ತಿರುಪತಿಗೆ ಹೋಗ್ರಿ!" ದಲಾಲರ ಮಾತು ಕೇಳಿದರೆ ನಮ್ಮ ದೇಶದ ಹಳೆಯ ಕಾರುಗಳನ್ನೆಲ್ಲ ಬರೀ ಡಾಕ್ಟರುಗಳೇ ಓಡಿಸಿದ್ದಾರೇನೋ ಅನಿಸಬೇಕು.

ಲಕ್ಷ, ಒಂದೂವರೆ ಲಕ್ಷ ರೂಪಾಯಿ ಎಂದರೆ ಇಂಥ ಮನೆಗೆ ಚಿಲ್ಲರೆ ಹಣವಲ್ಲ. ಮಗಳ ಒಂದೆರಡು ವರ್ಷದ ಫೀಸು ಅದರಲ್ಲಿದೆ. ಆ ಹಣ ಶೆಡ್ಡಿನಲ್ಲಿ ನಿಂತ ತಗಡಾಗಬಾರದು ಎಂದಾದರೆ ಕಾರಿನ ಹತ್ತಿರ ಹೋಗುವ ಮೊದಲೇ ಒಂದು ಲೆಕ್ಕ ಮನೆಯಲ್ಲಿ ಕೂತು ಮಾಡಬೇಕು. ಕಾರು ಯಾತಕ್ಕೆ?

ಹುಮನಾಬಾದಿನಿಂದ ಬಸವಕಲ್ಯಾಣದ ಕಾಲೇಜಿಗೆ ದಿನಾ ಹೋಗಿಬರಲು ಎಂಬುದು ಉತ್ತರವಾದರೆ, ಲೆಕ್ಕ ಹೀಗೆ ಬರುತ್ತದೆ. ಹೋಗಿಬರುವುದು ಸುಮಾರು 60 ಕಿ.ಮೀ. ತಿಂಗಳಿಗೆ 25 ದಿನ ಎಂದರೆ 1500 ಕಿ.ಮೀ. ಹಳೆಯ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 100 ಲೀಟರ್ ಪೆಟ್ರೋಲ್. ಲೀಟರಿಗೆ ನೂರೇ ರೂಪಾಯಿ ಹಿಡಿದರೂ ತಿಂಗಳಿಗೆ 10,000 ರೂಪಾಯಿ ಬರೀ ಎಣ್ಣೆಗೆ. ಬಸ್ಸಿಗೆ ವಿದ್ಯಾರ್ಥಿ ಪಾಸು ಇದೆ. ಹೆಣ್ಣುಮಕ್ಕಳಿಗಂತೂ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಕಾಲೇಜಿಗಾಗಿ ಕಾರು ಎಂಬ ಮಾತು ಇಲ್ಲಿಗೆ ಮುಗಿಯುತ್ತದೆ.

ಆದರೆ ಮನೆಯಲ್ಲಿ ವಯಸ್ಸಾದ ತಾಯಿ ಇದ್ದು, ರಾತ್ರಿ ಹನ್ನೊಂದಕ್ಕೆ ಎದೆನೋವು ಎಂದಾಗ ಬೀದರಿಗೋ ಕಲಬುರಗಿಗೋ ಕರೆದೊಯ್ಯಬೇಕಾದರೆ, ಹೊಲ ಊರಿಂದ ಹನ್ನೆರಡು ಕಿ.ಮೀ. ದೂರವಿದ್ದರೆ, ತಿಂಗಳಿಗೆ ನಾಲ್ಕು ಸಲ ಮನೆಮಂದಿ ಎಲ್ಲ ಒಟ್ಟಿಗೆ ಹೊರಡುವ ಪ್ರಸಂಗವಿದ್ದರೆ ಹಳೆಯ ಕಾರಿಗೆ ಅರ್ಥವಿದೆ. ಇಂಥ ಮನೆಗೆ ಬೇಕಾದುದು ಪಿಕಪ್ಪು, ಮ್ಯೂಸಿಕ್ ಸಿಸ್ಟಮ್ಮು, ಅಲಾಯ್ ವೀಲು ಯಾವುದೂ ಅಲ್ಲ. ಚಾವಿ ತಿರುಗಿಸಿದಾಗ ಸ್ಟಾರ್ಟ್ ಆಗಬೇಕು, ಬ್ರೇಕ್ ಹಿಡಿಯಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಮನ್ನಾಎಖೇಳಿ ದಾಟಿ ನಿಂತುಬಿಡಬಾರದು. ಕಾರು ನೋಡುವಾಗ ಈ ಮೂರರ ಮೇಲೆಯೇ ಕಣ್ಣಿರಲಿ.

ಕಾಗದವೇ ಮೊದಲ ಇಂಜಿನ್

ಊರ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ ಇಂಜಿನ್ ನೋಡಿಸುವವರು ಬಹಳ, ಕಾಗದ ಓದುವವರು ಕಡಿಮೆ. ಗಡಿನಾಡಿನಲ್ಲಿ ಇದು ತಿರುಗುಮುರುಗಾಗಬೇಕು. ಇಂಜಿನ್ ಕೆಟ್ಟರೆ ರಿಪೇರಿ ಉಂಟು. ಕಾಗದ ಕೆಟ್ಟ ಕಾರನ್ನು ಯಾವ ಗ್ಯಾರೇಜೂ ರಿಪೇರಿ ಮಾಡದು.

ಹೊರ ರಾಜ್ಯದ ಕಾರು ಸಾಮಾನ್ಯವಾಗಿ ಹತ್ತಿಪ್ಪತ್ತು ಸಾವಿರ ಅಗ್ಗಕ್ಕೆ ಸಿಕ್ಕಂತೆ ಕಾಣುತ್ತದೆ. ಆ ಅಗ್ಗದ ಹಿಂದೆ ಏನಿದೆ ನೋಡಿ. ಉಮರ್ಗಾದ್ದೋ ಜಹೀರಾಬಾದಿನದ್ದೋ ಕಾರನ್ನು ಇಲ್ಲಿಯ ಹೆಸರಿಗೆ ಮಾಡಿಕೊಳ್ಳಲು ಅದು ನೋಂದಣಿಯಾದ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28ರ ಎನ್‌ಒಸಿ ಬೇಕು. ಹೊರ ರಾಜ್ಯದ ಕಾರನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಹಾಗೆ ಪಡೆಯುವಾಗ ಕಾರಿನ ಬೆಲೆ, ವಯಸ್ಸು ನೋಡಿ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಮೊದಲಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಅಲ್ಲಿಂದಲೇ ವಾಪಸು ಕೇಳಬೇಕು. ಆ ಓಡಾಟ, ಆ ದಿನಗಳು, ಏಜೆಂಟರ ಚಾರ್ಜು ಎಲ್ಲ ಸೇರಿಸಿದರೆ ಹತ್ತಿಪ್ಪತ್ತು ಸಾವಿರದ ಅಗ್ಗ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. "ಎನ್‌ಒಸಿ ಆಮ್ಯಾಲ ತರ್ಸಿ ಕೊಡ್ತೀನ್ರಿ" ಎನ್ನುವವರಿಗೆ ಕೊಡಬೇಕಾದ ಉತ್ತರ ಒಂದೇ: "ಹಾಗಿದ್ರ ರೊಕ್ಕಾನೂ ಆಮ್ಯಾಲೇ ತಗೋರಿ."

ದೂರದ ದಿಲ್ಲಿಯ ಕಾರುಗಳೂ ಕೆಲವೊಮ್ಮೆ ಇತ್ತ ಬರುವುದುಂಟು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ದಿಲ್ಲಿಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಇಳಿದ ಕಾರಿಗೆ ಇಲ್ಲಿ ಗಿರಾಕಿ. ಕಾರು ಚೆನ್ನಾಗಿಯೇ ಇರಬಹುದು. ಆದರೆ ಅದರ ಕಾಗದ ಬಿಗಡಾಯಿಸಿದರೆ ಸಾವಿರದ ಐನೂರು ಕಿ.ಮೀ. ದೂರದ ಕಚೇರಿಯ ಬಾಗಿಲು ತಟ್ಟುವವರು ಯಾರು?

ಆರ್‌ಸಿಯಲ್ಲಿ ನೋಡಬೇಕಾದ್ದು ಬರೀ ಹೆಸರನ್ನಲ್ಲ. ತಯಾರಾದ ತಿಂಗಳು-ವರ್ಷ, ನೋಂದಣಿ ಯಾವ ದಿನದವರೆಗೆ ಇದೆ, ಎಷ್ಟನೇ ಮಾಲೀಕರು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಕೂತಿದೆಯೇ ಎಂಬುದನ್ನೆಲ್ಲ ಬೆರಳಿಟ್ಟು ಓದಬೇಕು. ಬ್ಯಾಂಕಿನ ಹೆಸರಿದ್ದರೆ ಅವರ ಪತ್ರ ಮತ್ತು ಫಾರಂ 35 ಇಲ್ಲದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಇದರ ಬಹುಪಾಲು ಅಲ್ಲೇ ಕಾಣುತ್ತದೆ. ಬಾಕಿ ಚಲನ್‌ಗಳನ್ನೂ ಆನ್‌ಲೈನಿನಲ್ಲೇ ನೋಡಬಹುದು. ಮನೆಯ ವಿದ್ಯಾರ್ಥಿಗೆ ಒಪ್ಪಿಸಲು ಇದಕ್ಕಿಂತ ತಕ್ಕ ಕೆಲಸವಿಲ್ಲ. ಟ್ಯಾಕ್ಸಿಯಾಗಿ ಹಳದಿ ಬೋರ್ಡಿನಲ್ಲಿ ದುಡಿದು ಆಮೇಲೆ ಬಿಳಿ ಬೋರ್ಡಿಗೆ ಬಂದ ಗಾಡಿಗಳಿವೆ. ಆ ಚರಿತ್ರೆಯನ್ನೂ ಕೇಳಿ ತಿಳಿಯಬೇಕು. ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು.

ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಅನಂತರ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿಗೆ ಮೊದಲು ಇದಕ್ಕೆ 600 ರೂಪಾಯಿ ಸಾಕಿತ್ತು, ಆಗ ಅದನ್ನು 5,000ಕ್ಕೆ ಏರಿಸಿದರು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ಎಂದು ಆಯಿತು. ಹದಿನಾಲ್ಕನೇ ವರ್ಷದ ಕಾರನ್ನು ಮಾರುವವರಿಗೆ ಇಷ್ಟು ಅವಸರ ಯಾಕಿರುತ್ತದೆ ಎಂಬುದು ಈಗ ಅರ್ಥವಾಗಬಹುದು. ಫೀಸಿಗಿಂತ ದೊಡ್ಡ ಮಾತೆಂದರೆ, ಗಾಡಿಯನ್ನು ತಪಾಸಣೆಗೆ ತೋರಿಸಿ ಪಾಸು ಮಾಡಿಸಬೇಕು. ದೀಪ, ಬ್ರೇಕು, ಹೊಗೆ, ತುಕ್ಕು ಎಂದು ಅದಕ್ಕೆ ತಯಾರು ಮಾಡುವ ಖರ್ಚು ಹೊಸ ಮಾಲೀಕನದು.

ಬೆಳಿಗ್ಗೆಯೇ ಹೋಗಬೇಕು

ಕಾಗದ ಸರಿ ಕಂಡಿತು ಎನ್ನಿ. ಕಾರು ನೋಡಲು ಬೆಳಿಗ್ಗೆಯೇ ಹೋಗಬೇಕು. ಅದೂ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲು. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಗಿರಾಕಿ ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆಂದು ಅರ್ಥ. ಬಿಸಿಯಾದ ಇಂಜಿನ್ ತನ್ನ ಅರ್ಧ ರೋಗ ಮುಚ್ಚಿಡುತ್ತದೆ. ಬ್ಯಾಟರಿ ಸೋತಿದ್ದು, ಡೀಸೆಲ್ ಗಾಡಿಯ ಕಂಪ್ರೆಷನ್ ಇಳಿದದ್ದು, ಮೊದಲ ಹೊಗೆಯ ಬಣ್ಣ, ಇವೆಲ್ಲ ರಾತ್ರಿಯಿಡೀ ತಣ್ಣಗೆ ನಿಂತ ಇಂಜಿನ್ನಿನಲ್ಲೇ ಕಾಣುವುದು. ಬೆಚ್ಚಗಿದ್ದರೆ ಜಗಳವಾಡಬೇಕಿಲ್ಲ. "ನಾಳೆ ಬರ್ತೀವಿ" ಎಂದು ಹಿಂದಿರುಗಿದರಾಯಿತು.

ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ತುಂಬುವ ಮುಚ್ಚಳ ತೆಗೆದು ತಿರುವಿ ನೋಡಿ. ಮುಚ್ಚಳದ ಒಳಗೆ ಮಜ್ಜಿಗೆಯ ಕೆನೆಯಂಥ ಪದಾರ್ಥ ಅಂಟಿದ್ದರೆ ಆಯಿಲ್ ಜೊತೆ ನೀರು ಬೆರೆಯುತ್ತಿರಬಹುದು. ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೂ ಅದೇ ಸಂಶಯ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಇನ್ನೂ ದೊಡ್ಡದೇನೋ ಇದೆ. (ರೇಡಿಯೇಟರ್ ಮುಚ್ಚಳವನ್ನು ಇಂಜಿನ್ ಬಿಸಿ ಇದ್ದಾಗ ತೆಗೆಯಬಾರದು, ಮುಖ ಸುಟ್ಟೀತು.) ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಬೀದರ್-ಕಲಬುರಗಿ ಸೀಮೆಯಲ್ಲಿ ನೀರು ಕುದಿಯುವ ಇಂಜಿನ್ ಕಟ್ಟಿಕೊಂಡರೆ ಏಪ್ರಿಲ್, ಮೇ ಎರಡೂ ತಿಂಗಳು ಕಾರು ಮನೆಯಲ್ಲೇ.

ಈಗ ಸ್ಟಾರ್ಟ್ ಮಾಡಿಸಿ, ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಯ ಬೆಳಗಿನಲ್ಲಿ ತುಸು ಬಿಳಿಯ ಆವಿ ಬಂದು ನಿಂತುಹೋದರೆ ಚಿಂತೆಯಿಲ್ಲ. ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ನೀರು ಒಳಗೆ ಉರಿಯುತ್ತಿದೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ರಿಂಗ್, ಪಿಸ್ಟನ್, ಬೋರಿನ ಕೆಲಸ ಹತ್ತಿರದಲ್ಲೇ ಇದೆ. ಕಪ್ಪು ಹೊಗೆ ಅಷ್ಟು ಭಯದ್ದಲ್ಲ, ಫಿಲ್ಟರಿನಿಂದಲೂ ಬರಬಹುದು, ಆದರೆ ಡೀಸೆಲ್ ಗಾಡಿಯಾದರೆ ಇಂಜೆಕ್ಟರಿನ ದೊಡ್ಡ ಖರ್ಚಿನ ಮುನ್ಸೂಚನೆಯೂ ಆದೀತು. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಭುಸುಭುಸು ಎಂದು ಹೊಗೆ ಉಗುಳುವ ಇಂಜಿನ್ ಒಳಗೆ ಸವೆದಿದೆ. ಊರ ಮಿಸ್ತ್ರಿ ಇಷ್ಟನ್ನು ಐದು ನಿಮಿಷದಲ್ಲಿ ಹೇಳಬಲ್ಲರು. ಆದರೆ ಆ ಮಿಸ್ತ್ರಿ ಮಾರುವವರ ಕಡೆಯವರಾಗಿರಬಾರದು; ಅವರ ಆ ದಿನದ ಕೂಲಿಯನ್ನು, ಕಾರು ಕೊಂಡರೂ ಕೊಳ್ಳದಿದ್ದರೂ, ಮೊದಲೇ ಕೊಟ್ಟುಬಿಡಬೇಕು. ಇಲ್ಲವಾದರೆ ಅವರಿಗೂ ವ್ಯವಹಾರ ಕುದುರಿದರೇ ಲಾಭ ಎಂದಾಗುತ್ತದೆ.

ಬಣ್ಣದ ಮಾತು ಬೇರೆ. ಹಳೆಯ ಕಾರಿನ ಬಣ್ಣ ಹೊಸದಾಗಿ ಫಳಫಳಿಸುತ್ತಿದ್ದರೆ ಸಂತೋಷಪಡುವ ಬದಲು ಯಾಕೆಂದು ಕೇಳಬೇಕು. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗನ್ನು ಒಂದಿಷ್ಟು ಎಳೆದು ನೋಡಿದರೆ ಕಂಪನಿಯಲ್ಲಿ ಹಾಕಿದ ವೆಲ್ಡಿಂಗಿನ ಗುಂಡು ಗುರುತುಗಳು ಒಂದೇ ಸಮ ಅಂತರದಲ್ಲಿ ಕಾಣಬೇಕು. ಅಲ್ಲಿ ಸುತ್ತಿಗೆಯ ಏಟು, ಗ್ಯಾಸ್ ವೆಲ್ಡಿಂಗಿನ ಉಬ್ಬು ಕಂಡರೆ ಆ ಕಡೆ ಬಲವಾದ ಪೆಟ್ಟು ಬಿದ್ದಿದೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಕಬ್ಬಿಣದ ತಗಡಿಗೆ ಅದು ಅಂಟುತ್ತದೆ, ದಪ್ಪ ಪುಟ್ಟಿ ಬಳಿದ ಜಾಗದಲ್ಲಿ ಜಾರುತ್ತದೆ. ಬಾನೆಟ್ಟಿನ, ಬಾಗಿಲಿನ ಬೋಲ್ಟುಗಳ ಮೇಲೆ ಪಾನಾ ಹಾಕಿದ ಗುರುತಿದ್ದರೆ ಅವನ್ನು ಬಿಚ್ಚಿದ್ದಾರೆ. ಸಣ್ಣಪುಟ್ಟ ಗೀರು, ಡೆಂಟು ಇದ್ದರೆ ಇರಲಿ. ಚಾಸಿ ಬಾಗಿದ ಕಾರು ಮಾತ್ರ ಬೇಡ. ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಲು ಮರೆಯಬಾರದು.

ಮೀಟರ್ ತೋರಿಸುವ ಕಿಲೋಮೀಟರನ್ನು ವೇದವಾಕ್ಯ ಎನ್ನಬೇಕಿಲ್ಲ. 45,000 ಓಡಿದೆ ಎನ್ನುವ ಕಾರಿನ ಕ್ಲಚ್ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದರೆ, ಸ್ಟೇರಿಂಗ್ ಹೊಳೆಯುತ್ತಿದ್ದರೆ, ಡ್ರೈವರ್ ಸೀಟು ಒಂದು ಕಡೆ ಕುಸಿದಿದ್ದರೆ ಯಾವುದು ಸುಳ್ಳು ಎಂದು ಬೇರೆ ಹೇಳಬೇಕಾಗಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಉಳಿದಿದ್ದರೂ ರಬ್ಬರು ಬಿರುಕು ಬಿಟ್ಟ ಟೈರು ಹೆದ್ದಾರಿಯ ಬೇಸಿಗೆಗೆ ಒಗ್ಗದು. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟೋ, ಕೆಳಗಿನ ಭಾಗಗಳೋ ಸರಿಯಿಲ್ಲ. ಮಾರುತಿ 800, ಹಳೆಯ ಸ್ಯಾಂಟ್ರೋದಂಥ ಕಾರುಗಳಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ. ಅದನ್ನು ಯಾವಾಗ ಬದಲಿಸಿದ್ದಾರೆಂದು ಕೇಳಿ, ಬಿಲ್ ತೋರಿಸಲಾಗದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿಯಿರಿ.

ಇನ್ನು ಓಡಿಸಿ ನೋಡುವುದು. ಊರೊಳಗೆ ಒಂದು ಸುತ್ತು ಹಾಕಿದರೆ ಏನೂ ತಿಳಿಯದು. ಬಸವಕಲ್ಯಾಣದ ಕೋಟೆಯ ಕಡೆಯ ಇಕ್ಕಟ್ಟಿನಲ್ಲಿ ಕ್ಲಚ್ಚಿನ ಗುಣ ಕಾಣುತ್ತದೆ, ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಇಂಜಿನ್ನು, ಬ್ರೇಕು, ಸ್ಟೇರಿಂಗಿನ ಗುಣ ಕಾಣುತ್ತದೆ. ಎರಡೂ ಬೇಕು, ಅರ್ಧ ಗಂಟೆಯಾದರೂ ಬೇಕು. ರೇಡಿಯೋ ಬಂದ್ ಮಾಡಿ, ಒಮ್ಮೆ ಎಸಿ ಹಾಕಿ, ಒಮ್ಮೆ ತೆಗೆದು ಓಡಿಸಬೇಕು. ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಾರದು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬರೀ ಕಿರುಚಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ರಸ್ತೆಯ ಉಬ್ಬಿನ ಮೇಲೆ ಕಟಕಟ ಶಬ್ದ ಬಂದರೆ ಶಾಕಪ್ಪು, ಬುಷ್ಷುಗಳ ಕೆಲಸ. ಇವೆಲ್ಲ ಆಗುವ ಕೆಲಸಗಳೇ. ಬೆಲೆ ಇಳಿಸಲು ನೆಪವಾಗುತ್ತವೆ.

ನೀರು ಕುಡಿದ ಕಾರು

ಇಳಿಸಿದ ಬೆಲೆಗೂ ಬೇಡವಾದ ಒಂದು ಜಾತಿಯ ಕಾರಿದೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳಿಗೆ ನೀರು ನುಗ್ಗಿ ಬೀದಿಯಲ್ಲಿ ಕಾರುಗಳು ತೇಲಿಹೋದದ್ದನ್ನು ಜನ ಟಿವಿಯಲ್ಲಿ ನೋಡಿದರು. ಮುಳುಗಿದ ಕಾರುಗಳು ತೊಳೆದು, ಒಣಗಿ, ಹೊಸ ಸೀಟ್ ಕವರ್ ತೊಟ್ಟು ಬೇರೆ ಊರಿನ ಮಾರುಕಟ್ಟೆ ಸೇರುವುದು ಹೊಸತಲ್ಲ. ಹೈದರಾಬಾದಿನಿಂದ ಹುಮನಾಬಾದಿಗೆ ಇರುವುದು ಅದೇ 65ನೇ ಹೆದ್ದಾರಿ! ಇಂಥ ಕಾರು ಕೊಂಡ ದಿನ ಚೆನ್ನಾಗಿಯೇ ಓಡುತ್ತದೆ. ವೈರುಗಳ ಕೀಲುಗಳಲ್ಲಿ, ಕಂಪ್ಯೂಟರ್ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದು ಕೆಲವು ತಿಂಗಳ ನಂತರ ಒಂದೊಂದೇ ಕೈಕೊಡಲು ಶುರುವಾಗುತ್ತದೆ. ಏರ್‌ಬ್ಯಾಗಿನ ವೈರೂ ಅದರಲ್ಲೇ ಇರುತ್ತದೆ.

ಇದನ್ನು ಹಿಡಿಯಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಕಲೆಯ ಗೆರೆ ಉಳಿದಿರುತ್ತದೆ, ಅದನ್ನು ತೊಳೆಯುವುದನ್ನು ಮರೆಯುವವರೇ ಹೆಚ್ಚು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ, ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕಿದೆಯೇ ನೋಡಿ. ಕಾರಿನ ತುಂಬ ಸುಗಂಧದ ಶೀಶೆಗಳು ತೂಗುತ್ತಿದ್ದರೆ ಮೂಗು ಇನ್ನೂ ಚುರುಕಾಗಬೇಕು.

ಮಕ್ಕಳು ಕೂರುವ ಕಾರಿನಲ್ಲಿ ಏರ್‌ಬ್ಯಾಗಿನ ಮಾತನ್ನು ಪೋಷಕರು ಬಿಡಬಾರದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ಐ10, ಫಿಗೊ, ನ್ಯಾನೊ, ಪೋಲೊ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಎಬಿಎಸ್ ಬ್ರೇಕ್ 2019ರ ಏಪ್ರಿಲಿನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ ಕಡ್ಡಾಯವಾದವು. ಅದಕ್ಕೂ ಮೊದಲಿನ ಕಾರುಗಳಲ್ಲಿ ಮೇಲಿನ ಮಾದರಿಗಳಿಗೆ ಮಾತ್ರ ಇವು ಇರುತ್ತಿದ್ದವು. ಒಂದೇ ವರ್ಷದ ಎರಡು ಕಾರು ಸಿಕ್ಕರೆ, ಇಪ್ಪತ್ತು ಸಾವಿರ ಹೆಚ್ಚಾದರೂ ಏರ್‌ಬ್ಯಾಗ್, ಎಬಿಎಸ್ ಇರುವುದನ್ನೇ ಆರಿಸುವುದು ಮೇಲು.

ಬಿಡಿಭಾಗದ ವಿಚಾರವೂ ಇದೆ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲಿ ನಿಂತರೂ ಅದರ ಸಾಮಾನು ಹಳ್ಳಿಯಲ್ಲೂ ಸಿಕ್ಕೀತು. ಜನರಲ್ ಮೋಟರ್ಸ್ 2017ರ ಕೊನೆಗೆ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ತಯಾರಿಕೆ ಮುಗಿಸುವುದಾಗಿ ಹೇಳಿತು. ಈ ಕಾರುಗಳು ಗಟ್ಟಿಮುಟ್ಟಾದವೇ, ಅಗ್ಗವಾಗಿಯೂ ಸಿಗುತ್ತವೆ. ಆದರೆ ಒಂದು ಸಣ್ಣ ಸೆನ್ಸರಿಗಾಗಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೇಳಿ ಕಳಿಸಿ ವಾರ ಕಾಯುವ ತಾಳ್ಮೆ ಇರುವವರಿಗೆ ಮಾತ್ರ ಅವು. ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು ಬಂದಿರುವುದರಿಂದ ಬಹಳ ಹಳೆಯ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನೂ ಒಮ್ಮೆ ನೋಡಿಸಬೇಕು. ಅವರೇಜೂ ಸ್ವಲ್ಪ ಇಳಿಯುತ್ತದೆ.

ಈಗ ಚೌಕಾಸಿ. ಉದಾಹರಣೆಗೆ ಮಾಲೀಕರು ಒಂದು ಹಳೆಯ ಸಣ್ಣ ಕಾರಿಗೆ 1,50,000 ಹೇಳಿದರು ಎನ್ನೋಣ. ನಾಲ್ಕು ಟೈರಿಗೆ 15,000, ಕ್ಲಚ್ಚಿಗೆ 8,000, ಬ್ಯಾಟರಿಗೆ 4,500, ಆಯಿಲ್-ಫಿಲ್ಟರು-ಬ್ರೇಕಿನ ಕೆಲಸಕ್ಕೆ 6,000, ವಿಮೆಗೆ 3,000, ಮುಂದಿನ ವರ್ಷ ಬರುವ ನವೀಕರಣಕ್ಕೆ 5,000 ಎಂದು ಮಿಸ್ತ್ರಿ ಚೀಟಿಯಲ್ಲಿ ಬರೆದರೆ ಒಟ್ಟು 41,500. ಕಾರಿನ ನಿಜವಾದ ಬೆಲೆ 1,91,500 ಆಯಿತು. ಚೀಟಿ ಮುಂದಿಟ್ಟು ಮಾತಾಡಿದರೆ ಮಾರುವವರೂ ಅಷ್ಟಾಗಿ ಮುನಿಯುವುದಿಲ್ಲ. ಚೀಟಿಯಿಲ್ಲದೆ "ಕಮ್ಮಿ ಮಾಡ್ರಿ" ಎಂದರೆ ಸಾವಿರ ರೂಪಾಯಿ ಇಳಿದು ಚಹಾ ತರಿಸುತ್ತಾರೆ. ಇಡೀ ಹಣ ಕಾರಿಗೇ ಸುರಿದು ರಿಪೇರಿಗೆ ಸಾಲ ಮಾಡುವ ಸ್ಥಿತಿ ಬರುವುದಾದರೆ ಆ ಕಾರು ಎಷ್ಟೇ ಚೆನ್ನಾಗಿದ್ದರೂ ಆ ಮನೆಯದಲ್ಲ.

ಹೆಸರು ಬದಲಾಗುವವರೆಗೆ

ವ್ಯವಹಾರ ಕುದುರಿದ ದಿನ ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿ ಕೊಡುತ್ತಾರೆ. ಆ ಫಾರಂಗಳನ್ನು ಕಪಾಟಿನಲ್ಲಿಟ್ಟು ಮರೆಯುವುದು, ಖಾಲಿ ಸಹಿಯ ಫಾರಂ ಜೊತೆ ಕಾರು ಮೂರು ಕೈ ದಾಟುವುದು ನಮ್ಮಲ್ಲಿ ಮಾಮೂಲು. ಇದರಲ್ಲಿ ಕೊಳ್ಳುವವರಿಗಷ್ಟೇ ಅಲ್ಲ, ಮಾರಿದವರಿಗೂ ಕಂಟಕವಿದೆ. ಹೀಗೆ ಹಲವು ಕೈ ದಾಟಿದ ಕಾರೊಂದು 2009ರಲ್ಲಿ ಅಪಘಾತ ಮಾಡಿದ ಪ್ರಕರಣದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಹೇಳಿತು. ಎಂದೋ ಮಾರಿ ಮರೆತ ಕಾರು ಮನೆ ಬಾಗಿಲಿಗೆ ನೋಟಿಸು ತರಬಹುದು. ಆದ್ದರಿಂದ ಮನೆಯ ಹಳೆಯ ಗಾಡಿ ಮಾರುವವರೂ ಇದನ್ನು ನೆನಪಿಡಬೇಕು.

ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ವ್ಯವಹಾರವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೊಸ ಹೆಸರಿಗೆ ಮಾಡಿಸಲೂ 14 ದಿನದೊಳಗೆ ಅರ್ಜಿ ಕೊಡಬೇಕು. ಹಿಂದಿನವರ 'ನೋ ಕ್ಲೇಮ್' ರಿಯಾಯಿತಿ ಕಾರಿನ ಜೊತೆ ಬರುವುದಿಲ್ಲ, ಅದು ಅವರ ಸ್ವಂತದ್ದು. ಡೀಲರಿಂದ ಕೊಳ್ಳುವುದಾದರೆ, ಹಳೆಯ ವಾಹನ ಮಾರುವವರಿಗೆ ಸಾರಿಗೆ ಇಲಾಖೆಯ ಅಧಿಕೃತ ಪತ್ರ ಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಆ ಪತ್ರ ಕೇಳಿ ನೋಡಲು ಸಂಕೋಚ ಬೇಡ. ಕೊನೆಯ ಹತ್ತಿಪ್ಪತ್ತು ಸಾವಿರವನ್ನು ಹೊಸ ಆರ್‌ಸಿ ಕೈಗೆ ಬಂದ ಮೇಲೆ ಕೊಡುವುದಾಗಿ ಬರವಣಿಗೆಯಲ್ಲಿ ಒಪ್ಪಿಸಿಕೊಂಡರೆ ಕೆಲಸ ಬೇಗ ಆಗುತ್ತದೆ.

ಇನ್ನೊಂದು ಮಾತು ಕಾರಿನ ಕನಸು ಕಾಣುವ ಪಿಯುಸಿ ಹುಡುಗರಿಗೆ, ಹಾಗೂ ಅವರ ಕೈಗೆ ಚಾವಿ ಕೊಡುವ ತಂದೆತಾಯಿಗೆ. 18 ತುಂಬದವರು ಕಾರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ, ಇಲ್ಲವೇ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ; ಕಾರಿನ ನೋಂದಣಿ ಹನ್ನೆರಡು ತಿಂಗಳು ರದ್ದು; ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸೇ ಇಲ್ಲ.

ಕಾರು ಕೈಗೆ ಬರುವಾಗ ಒಂದು ಹಾಳೆಯಲ್ಲಿ ಕಾರಿನ ನಂಬರು, ಮೀಟರಿನ ಕಿಲೋಮೀಟರು, ತಾರೀಖಿನ ಜೊತೆಗೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಬೇಕು. ಬೆಳಿಗ್ಗೆ ಹತ್ತಕ್ಕೆ ಸಿಗ್ನಲ್ ಹಾರಿದ ಚಲನ್ ಯಾರದು, ಸಂಜೆ ಆರಕ್ಕೆ ಆದ ಅಪಘಾತ ಯಾರ ಕೈಯಲ್ಲಿದ್ದಾಗ ಎಂಬುದನ್ನು ಮುಂದೆ ತೀರ್ಮಾನಿಸುವುದು ಆ ಗಂಟೆಯೇ. ಎರಡು ಕೀ ಇದ್ದರೆ ಎರಡನ್ನೂ ಪಡೆಯಬೇಕು. ಮರುದಿನವೇ ಗ್ಯಾರೇಜಿಗೆ ಒಯ್ದು ಇಂಜಿನ್ ಆಯಿಲ್, ಫಿಲ್ಟರುಗಳು, ಕೂಲಂಟ್, ಬ್ರೇಕ್ ಆಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಎಷ್ಟು ಕಿಲೋಮೀಟರಿಗೆ ಏನು ಮಾಡಿಸಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡಿ. ಬಿಲ್ಲುಗಳೂ ಅದರಲ್ಲೇ ಇರಲಿ. ನಾಲ್ಕು ವರ್ಷದ ನಂತರ ಈ ಕಾರನ್ನು ನೋಡಲು ಬರುವವರು ಅವನ್ನು ಕೇಳುತ್ತಾರೆ.